ಗಾಡಿ ಯಾರ ಹೆಸರಿನಲ್ಲಿದೆ?

(ಮುಧೋಳ ತಾಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಕಾರ್ಯಕ್ರಮದ ಚೀಟಿಯಲ್ಲಿ ನನ್ನ ಹೆಸರಿನ ಮುಂದೆ ಮೂರು ವಿಷಯ ಬರೆದಿದ್ದಾರೆ. ವಾರಸಾ ಹಕ್ಕು, ಸಾಲ ಮತ್ತು ದಿವಾಳಿ, ಬೈಕ್ ಸುರಕ್ಷತೆ. ಓದಿದ ಕೂಡಲೇ ನನಗೂ ನಗು ಬಂತು. ಸಂತೆಯಲ್ಲಿ ಒಂದೇ ಚೀಲಕ್ಕೆ ಬದನೆಕಾಯಿ, ಬೆಲ್ಲ, ಸೀಮೆಎಣ್ಣೆ ಬಾಟಲಿ ಹಾಕಿಕೊಂಡ ಹಾಗಿದೆ ಅಲ್ವಾ? ಆದರೆ ಇಪ್ಪತ್ತು ವರ್ಷದಿಂದ ಈ ಕಡೆಯ ಕೋರ್ಟುಗಳಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡಿದ್ದೇನೆ. ಈ ಮೂರೂ ಒಂದೇ ಮನೆಯಿಂದ, ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಟೇಬಲ್ ಮೇಲೆ ಬಂದು ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಒಂದು ಕೆಲಸ ಮಾಡೋಣ. ಇವತ್ತು ಬೈಕ್ ಮೇಲೆ ಬಂದವರು ಕೈ ಎತ್ತಿ. ಸರಿ, ಮುಕ್ಕಾಲು ಮಂದಿ ಇದ್ದೀರಿ. ಈಗ, ಆ ಬೈಕಿನ ನೋಂದಣಿ ಪತ್ರ, ಅಂದರೆ ಆರ್‌ಸಿ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಕೈ ಇಳಿಸಿ.

ನೋಡಿ, ಅರ್ಧ ಕೈ ಇಳಿದವು. ಒಬ್ಬರದು ಅಣ್ಣನ ಗಾಡಿ, ಒಬ್ಬರದು ಮಾವನದು. ಅಲ್ಲಿ ಹಿಂದೆ ಕೂತವರು ಏನೋ ಹೇಳಿದರು, ‘ಅಪ್ಪನ ಹೆಸರಿಲೆ ಐತ್ರಿ, ಅಪ್ಪ ತೀರಿಕೊಂಡು ನಾಕ್ ವರ್ಷ ಆತು.’ ಇವತ್ತಿನ ಮಾತು ಇಲ್ಲಿಂದಲೇ ಶುರುವಾಗಲಿ.

ಒಂದು ಮನೆಯ ಕಥೆ ಹೇಳುತ್ತೇನೆ. ನಾಲ್ಕೈದು ಕೇಸು ಸೇರಿಸಿ ಒಂದು ಮಾಡಿದ್ದೇನೆ, ಯಾರ ಮನೆ ಅಂತ ಹುಡುಕಬೇಡಿ. ಅಪ್ಪ ತೀರಿಕೊಂಡ. ಆರು ಎಕರೆ ಹೊಲ, ಒಂದು ಬೈಕ್, ಸೊಸೈಟಿಯಲ್ಲಿ ಬೆಳೆಸಾಲ, ಹೊರಗೆ ಒಂದಿಷ್ಟು ಕೈಗಡ. ಹೊಲದ ಉತಾರ, ಅಂದರೆ ಪಹಣಿ, ಅಪ್ಪನ ಹೆಸರಲ್ಲೇ ಉಳಿಯಿತು. ಬೈಕೂ ಹಾಗೇ ಉಳಿಯಿತು. ಮಗ ಅದೇ ಬೈಕ್ ಓಡಿಸಿದ. ಕಬ್ಬಿನ ಸೀಸನ್‌ನಲ್ಲಿ ಒಂದು ರಾತ್ರಿ, ರಸ್ತೆಯ ಮೇಲೆ ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಹೋಗಿ ಗುದ್ದಿದ. ಟ್ರೇಲರ್‌ಗೆ ಹಿಂದೆ ದೀಪ ಇರಲಿಲ್ಲ, ರೇಡಿಯಂ ಪಟ್ಟಿಯೂ ಇರಲಿಲ್ಲ. ಸುತ್ತ ಒಂದಿಷ್ಟು ಕಲ್ಲು ಇಟ್ಟಿದ್ದರು, ಅಷ್ಟೇ. ಹುಡುಗನ ಹೆಲ್ಮೆಟ್ ಮನೆಯ ಗೂಟದಲ್ಲಿ ತೂಗಾಡುತ್ತಿತ್ತು.

ಅವನ ಹೆಂಡತಿ ನನ್ನ ಬಳಿ ಬಂದಾಗ ಕೇಳಿದ ಮೊದಲ ಮಾತು, ‘ಗಾಡಿ ಇನ್ಶೂರೆನ್ಸ್ ಚಾಲ್ತಿ ಐತ್ರಿ. ಹದಿನೈದು ಲಕ್ಷ ಬರ್ತಾವಂತ?’

ಆಕೆ ಕೇಳಿದ್ದು ತಪ್ಪಲ್ಲ. ಬೈಕಿನ ಪಾಲಿಸಿಯಲ್ಲಿ ‘ಮಾಲೀಕ-ಚಾಲಕ’ ಅಪಘಾತ ವಿಮೆ ಅಂತ ಒಂದು ಸಾಲು ಇರುತ್ತದೆ. 2018ರವರೆಗೆ ಬೈಕಿಗೆ ಅದು 1 ಲಕ್ಷ ಇತ್ತು, ಆಮೇಲೆ 15 ಲಕ್ಷ ಆಯಿತು. ನಮ್ಮದೇ ತಪ್ಪಿನಿಂದ ಬಿದ್ದು ಸತ್ತರೂ ಈ ಹಣ ಸಿಗುತ್ತದೆ. ಆದರೆ ಹೆಸರನ್ನೇ ನೋಡಿ: ಮಾಲೀಕನೇ ಚಾಲಕನಾಗಿರಬೇಕು. ಆರ್‌ಸಿ ಅವನ ಹೆಸರಲ್ಲಿರಬೇಕು, ಪಾಲಿಸಿ ಅವನ ಹೆಸರಲ್ಲಿರಬೇಕು, ಲೈಸೆನ್ಸ್ ಚಾಲ್ತಿ ಇರಬೇಕು. ಇಲ್ಲಿ ಆರ್‌ಸಿಯಲ್ಲಿ ಇದ್ದವನು ಮೂರು ವರ್ಷದ ಹಿಂದೆ ತೀರಿಕೊಂಡ ಅಪ್ಪ. ಪಾಲಿಸಿಯನ್ನೂ ವರ್ಷ ವರ್ಷ ಅದೇ ಹೆಸರಲ್ಲಿ ರಿನ್ಯೂ ಮಾಡಿಸುತ್ತಾ ಬಂದಿದ್ದರು. ಕಂಪನಿ ಹಣ ಕೊಡಲಿಲ್ಲ. ನಾನೇ ಕಂಪನಿಯ ಕಡೆ ವಕೀಲನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಹಾಗಾದರೆ ಏನು ಮಾಡಬೇಕಿತ್ತು? ಆರ್‌ಸಿ ಇದ್ದವರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು: ‘ಇಂಥವರು ತೀರಿಕೊಂಡಿದ್ದಾರೆ, ಗಾಡಿ ಇನ್ನು ನಾನು ಓಡಿಸುತ್ತೇನೆ.’ ಹಾಗೆ ತಿಳಿಸಿದರೆ ಮೂರು ತಿಂಗಳು ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರ್ಮ್ 31 ತುಂಬಿ ಹೆಸರು ಬದಲಿಸಿಕೊಳ್ಳಬೇಕು. ಮರಣ ಪ್ರಮಾಣ ಪತ್ರ, ಆರ್‌ಸಿ, ಇನ್ಶೂರೆನ್ಸ್ ಬೇಕು. ಉಳಿದ ವಾರಸುದಾರರ ಒಪ್ಪಿಗೆಯನ್ನೂ ಕೇಳುತ್ತಾರೆ. ಇನ್ಶೂರೆನ್ಸ್ ಕೂಡ ಮಾಲೀಕ ಸತ್ತ ಮೇಲೆ ಮೂರು ತಿಂಗಳು ನಡೆಯುತ್ತದೆ, ಅದರೊಳಗೆ ಪಾಲಿಸಿಯ ಅವಧಿಯೇ ಮುಗಿದರೆ ಅಲ್ಲಿಗೇ ನಿಂತಿತು. 2021ರಿಂದ ಆರ್‌ಸಿಗೆ ನಾಮಿನಿ ಹಾಕುವ ಅನುಕೂಲವೂ ಬಂದಿದೆ. ಹನ್ನೊಂದನೆಯ ದಿನಕ್ಕೆ ಊಟ ಹಾಕಿಸಲು ಓಡಾಡುವ ನಾವು ಈ ಒಂದು ಫಾರ್ಮ್‌ಗೆ ಓಡಾಡುವುದಿಲ್ಲ.

ಅಪ್ಪನ ಗಾಡಿ ಬಿಡಿ. ‘ಸ್ವಲ್ಪ ಕೊಡಪಾ, ಊರಿಗಿ ಹೋಗಿ ಬರ್ತೀನಿ’ ಅಂತ ಇಸಿದುಕೊಂಡ ಗಾಡಿಯ ಕಥೆ ಏನು? ಇದಕ್ಕೆ ಉತ್ತರ ಕೊಟ್ಟ ಕೇಸು ನಮ್ಮ ಜಿಲ್ಲೆಯದೇ. ಒಬ್ಬರು ಇಳಕಲ್‌ನಿಂದ ಗುಡೂರಿಗೆ ಹೋಗಲು ಬೇರೆಯವರ ಬೈಕ್ ಇಸಿದುಕೊಂಡಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಬಂಡಿ ಒಮ್ಮೆಲೇ ನಿಂತಿತು. ಹಿಂದಿನಿಂದ ಹೋಗಿ ಬಡಿದರು, ಆಸ್ಪತ್ರೆಯ ದಾರಿಯಲ್ಲಿ ಪ್ರಾಣ ಹೋಯಿತು. ಎತ್ತಿನ ಬಂಡಿಗೆ ಇನ್ಶೂರೆನ್ಸ್ ಎಲ್ಲಿಂದ ಬರಬೇಕು? ಹೀಗಾಗಿ ಮನೆಯವರು ಬೈಕಿನ ಇನ್ಶೂರೆನ್ಸ್ ಕಂಪನಿಯನ್ನೇ ಹಿಡಿದರು. ಯಾರ ತಪ್ಪು ಅಂತ ತೋರಿಸದೇ ಪರಿಹಾರ ಕೇಳುವ ಒಂದು ಕಲಮು ಆಗ ಇತ್ತು, ಅದರಡಿ ಕೇಳಿದರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2009ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಗಾಡಿ ಇಸಿದುಕೊಂಡವನು ಆ ಹೊತ್ತಿಗೆ ಮಾಲೀಕನ ಜಾಗದಲ್ಲೇ ಕೂತಂತೆ. ಮಾಲೀಕ ತನ್ನಿಂದಲೇ ಪರಿಹಾರ ಕೇಳಲು ಬರುವುದಿಲ್ಲ, ಇವನಿಗೂ ಆ ಕಲಮಿನಲ್ಲಿ ಬರುವುದಿಲ್ಲ. ಇಳಕಲ್ ಅಂದರೆ ಸೀರೆ ಅಂತ ದೇಶಕ್ಕೆಲ್ಲ ಗೊತ್ತು. ಇನ್ಶೂರೆನ್ಸ್ ವಕೀಲರಿಗೆ ಮಾತ್ರ ಇಳಕಲ್ ಅಂದರೆ ಈ ಕೇಸೂ ನೆನಪಾಗುತ್ತದೆ.

ಇದಕ್ಕಿಂತ ಜಾಸ್ತಿ ಹೆದರಬೇಕಾದವರು ಗಾಡಿ ಮಾರಿದವರು. ನಮ್ಮಲ್ಲಿ ಬೈಕ್ ಮಾರುವ ರೀತಿ ನಿಮಗೆ ಗೊತ್ತು. ಹೋಟೆಲಿನಲ್ಲಿ ಚಾ ಕುಡಿಯುತ್ತಾ ಹೆಸರು ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ, ಹಣ ಎಣಿಸಿಕೊಂಡು, ಕೀಲಿ ಕೊಟ್ಟು ಬಂದುಬಿಡುತ್ತೇವೆ. ಕೊಂಡವನು ಹೆಸರು ಮಾಡಿಸುವುದಿಲ್ಲ, ಇನ್ನೊಬ್ಬನಿಗೆ ಮಾರುತ್ತಾನೆ. ಮೂರನೆಯವನು ಇನ್ಶೂರೆನ್ಸ್ ಇಲ್ಲದೇ ಓಡಿಸಿ ಯಾರಿಗೋ ಗುದ್ದುತ್ತಾನೆ. ನೋಟಿಸು ನಿಮ್ಮ ಮನೆಗೆ ಬರುತ್ತದೆ. ‘ನಾನು ಮಾರಿ ಐದು ವರ್ಷ ಆಯಿತು’ ಎಂದರೆ ಕೇಳುವವರಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹತ್ತು ಸಾವಿರಕ್ಕೆ ಮಾರಿದ ಗಾಡಿಯ ಸಲುವಾಗಿ ಹೊಲದ ಮೇಲೆ ಜಪ್ತಿ ಬಂದರೆ ಯಾರಿಗೆ ಹೇಳೋಣ? ಆನ್‌ಲೈನಿನಲ್ಲಿ ಗಾಡಿಯ ನಂಬರ್ ಹಾಕಿ ಹೆಸರು ಬದಲಾಗಿದೆಯೋ ಇಲ್ಲವೋ ನೋಡುವವರೆಗೆ ಗಾಡಿ ಮಾರಿದ್ದೀರಿ ಅಂತ ತಿಳಿಯಬೇಡಿ.

ಮತ್ತೆ ಆ ಹುಡುಗನ ಕೇಸಿಗೆ ಬರೋಣ. ಬೈಕಿನ ಹಣ ಹೋಯಿತು, ಟ್ರೇಲರ್ ಇತ್ತಲ್ಲ. ಟ್ರ್ಯಾಕ್ಟರ್ ಮಾಲೀಕ ಮತ್ತು ಅದರ ಇನ್ಶೂರೆನ್ಸ್ ಮೇಲೆ ಪರಿಹಾರ ಕೇಳಬಹುದು. ಅದಕ್ಕೆ ಬೈಕ್ ಯಾರ ಹೆಸರಲ್ಲಿದ್ದರೂ ಅಡ್ಡಿಯಿಲ್ಲ. ಆದರೆ ಎರಡು ಮಾತು. ಈಗಿನ ಕಾಯ್ದೆಯ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು, 2022ರ ಏಪ್ರಿಲ್‌ನಿಂದ ಇದು ಜಾರಿಗೆ ಬಂದಿದೆ. ಮೊದಲಿನ ಹಾಗೆ ‘ವರ್ಷದ ಕಾರ್ಯ ಮುಗೀಲಿ, ಆಮೇಲೆ ನೋಡೋಣು’ ಅನ್ನುವಂತಿಲ್ಲ. ಇನ್ನೊಂದು, ಪೊಲೀಸ್ ಫಿರ್ಯಾದಿ ಮತ್ತು ಪಂಚನಾಮೆಯಲ್ಲಿ ಟ್ರೇಲರ್‌ಗೆ ದೀಪ, ರೇಡಿಯಂ ಇರಲಿಲ್ಲ ಅನ್ನುವುದು ಬರಬೇಕು. ಆ ರಾತ್ರಿಯೇ ಯಾರಾದರೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಸಾಕು. ಮರುದಿನ ಬೆಳಿಗ್ಗೆ ಹೊತ್ತಿಗೆ ಟ್ರೇಲರ್ ಮೇಲೆ ಹೊಚ್ಚ ಹೊಸ ರೇಡಿಯಂ ಮಿಂಚುತ್ತಿರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಪರಿಹಾರ ಹೇಗೆ ಎಣಿಸುತ್ತಾರೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಜಜ್ ಸಾಹೇಬ್ರ ಮನಸ್ಸಿಗಿ ಬಂದಷ್ಟು’ ಅಂತ ಹಳ್ಳಿಯಲ್ಲಿ ನಂಬಿಕೆ ಇದೆ. ಹಾಗಿಲ್ಲ, ಲೆಕ್ಕ ಇದೆ. ಸತ್ತವನಿಗೆ 35 ವರ್ಷ, ತಿಂಗಳ ಗಳಿಕೆ 15,000, ಮನೆಯಲ್ಲಿ ಅವನನ್ನು ನಂಬಿದವರು ನಾಲ್ವರು ಅಂದುಕೊಳ್ಳಿ. ಬದುಕಿದ್ದರೆ ಗಳಿಕೆ ಏರುತ್ತಿತ್ತು ಅಂತ, ಸ್ವಂತ ದುಡಿಮೆಯವನಾಗಿ 40 ವರ್ಷದೊಳಗಿದ್ದರೆ ನೂರಕ್ಕೆ 40 ಸೇರಿಸುತ್ತಾರೆ. 21,000 ಆಯಿತು. ಅವನ ಸ್ವಂತ ಖರ್ಚು ಅಂತ ನಾಲ್ಕನೆಯ ಒಂದು ಭಾಗ ಕಳೆಯುತ್ತಾರೆ. 15,750 ಉಳಿಯಿತು. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000. ಮೇಲೆ ಅಂತ್ಯಕ್ರಿಯೆ ಖರ್ಚು ಮುಂತಾದವು ಸೇರುತ್ತವೆ. ಇವನದೂ ತಪ್ಪು ಇತ್ತು ಅಂತ ಸಾಬೀತಾದರೆ ಅಷ್ಟು ಪಾಲು ಕಳೆಯುತ್ತಾರೆ. ಮಕ್ಕಳ ಪಾಲನ್ನು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ಅದು ಒಳ್ಳೆಯದೇ, ಹಣ ಬಂದ ವಾರವೇ ಬಂಧುಗಳು ಬರುತ್ತಾರೆ.

ಗಳಿಕೆ 15,000 ಅಂತ ತೋರಿಸುವುದು ಹೇಗೆ ಅನ್ನುವುದೇ ನಮ್ಮ ಕಡೆ ದೊಡ್ಡ ತೊಂದರೆ. ಉತಾರ ಅಜ್ಜನ ಹೆಸರಲ್ಲಿ, ಕಬ್ಬಿನ ಬಿಲ್ಲು ದೊಡ್ಡಪ್ಪನ ಖಾತೆಗೆ, ಹಾಲಿನ ಹಣ ಕೈಗೆ. ಕಾಗದದ ಮೇಲೆ ಅವನು ಏನೂ ಗಳಿಸದ ಮನುಷ್ಯ. ದುಡಿದದ್ದಕ್ಕೆ ಹೊಲವೇ ಸಾಕ್ಷಿ, ಆದರೆ ಹೊಲ ಕೋರ್ಟಿಗೆ ಬರುವುದಿಲ್ಲ.

ಹೆಲ್ಮೆಟ್ ಬಗ್ಗೆ ಉದ್ದ ಹೇಳುವುದಿಲ್ಲ. ಓಡಿಸುವವರಿಗೂ ಬೇಕು, ಹಿಂದೆ ಕೂತವರಿಗೂ ಬೇಕು, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು. ಕೇಂದ್ರದ ಕಾಯ್ದೆಯಲ್ಲಿ ದಂಡ 1,000, ನಮ್ಮ ರಾಜ್ಯ 2019ರಲ್ಲಿ ಅದನ್ನು 500ಕ್ಕೆ ಇಳಿಸಿತು. ಐಎಸ್‌ಐ ಗುರುತು ನೋಡಿ ಕೊಳ್ಳಿ. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕೂಡಲೇ ಹಾರಿಹೋಗುತ್ತದೆ, ತಲೆ ಉಳಿಯುವುದಿಲ್ಲ. ಅವ್ವಂದಿರು, ಅಕ್ಕಂದಿರು ಒಂದು ನೋಡಬೇಕು. ಹಿಂದಿನ ಗಾಲಿಗೆ ಜಾಲರಿ ಇದೆಯಾ? ಸೀರೆ ಸೆರಗು ಗಾಲಿಗೆ ಸಿಗಬಾರದು ಅಂತ ಕನಿಷ್ಠ ಅರ್ಧ ಗಾಲಿ ಮುಚ್ಚುವ ಗಾರ್ಡು, ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಮೆಟ್ಟು ಇರಲೇಬೇಕು ಅಂತ ನಿಯಮ ಇದೆ. ಹುಡುಗರು ಗಾಡಿ ಚಂದ ಕಾಣಲಿ ಅಂತ ಅದನ್ನು ಬಿಚ್ಚಿ ಒಗೆಯುತ್ತಾರೆ. ಆಮೇಲೆ ಅದೇ ಗಾಡಿಯ ಮೇಲೆ ತಾಯಿಯನ್ನು ಕೂರಿಸಿಕೊಂಡು ಜಾತ್ರೆಗೆ ಹೋಗುತ್ತಾರೆ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಟ್ಟು ಅಪಘಾತವಾದರೆ ತಂದೆಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು.

ಇನ್ನು ಸಾಲ.

ಆ ಮನೆಗೆ ಅಪ್ಪನ ತಿಥಿ ಮುಗಿಯುವ ಮೊದಲೇ ಸಾಲ ಕೊಟ್ಟವರು ಬಂದರು. ಇಲ್ಲಿ ಒಬ್ಬ ಹಿರಿಯರು ಎದ್ದು ಕೇಳಿದರು, ‘ವಕೀಲ್ರ, ಸಾಲ ಮಾಡಿದವ ಸತ್ತ್ರ ಸಾಲನೂ ಸತ್ತಂಗ ಅಲ್ರೀ?’

ಸಾಯುವುದಿಲ್ಲ, ಆದರೆ ಕಾಲು ಮುರಿದುಕೊಳ್ಳುತ್ತದೆ. ಸತ್ತವನು ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ಕೊಡಬೇಕು. ಹತ್ತು ಲಕ್ಷ ಸಾಲ, ಬಿಟ್ಟ ಆಸ್ತಿ ನಾಲ್ಕು ಲಕ್ಷದ್ದು ಅಂದರೆ ನಾಲ್ಕಕ್ಕೇ ನಿಂತಿತು. ಮಗನ ಸ್ವಂತ ಪಗಾರ, ಸೊಸೆಯ ತವರಿನ ಬಂಗಾರ ಮುಟ್ಟುವಂತಿಲ್ಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಅಂತ ಹಳೆಯ ಹಿಂದೂ ಕಾನೂನಿನಲ್ಲಿ ಒಂದು ಹೊಣೆ ಇತ್ತು. 2005ರ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ ಅದರ ಆಧಾರದ ಮೇಲೆ ಮಗನನ್ನು ಹಿಡಿಯಲು ಬರುವುದಿಲ್ಲ. ಧರ್ಮ ಅಂತ ನೀವಾಗಿ ತೀರಿಸಿದರೆ ಯಾರೂ ಬೇಡ ಅನ್ನುವುದಿಲ್ಲ.

ಆದರೆ ಬಲೆ ಬೇರೆ ಕಡೆ ಇದೆ. ತಿಥಿಯ ದಿನ ಸಾಲ ಕೊಟ್ಟವನು ಬಂದು ತಣ್ಣಗೆ ಮಾತಾಡುತ್ತಾನೆ. ‘ಅವಸರ ಏನಿಲ್ಲ ತಮ್ಮಾ, ಹಳೆ ನೋಟು ಹರದ್ ಹಾಕೂಣು, ನಿನ್ನ ಹೆಸರಿಲೆ ಒಂದ್ ಹೊಸಾದು ಬರ್ಕೊಡು.’ ದುಃಖದಲ್ಲಿ ಇದ್ದವನು ಸಹಿ ಹಾಕುತ್ತಾನೆ. ಅಲ್ಲಿಗೆ ಅಪ್ಪನ ಸಾಲ ಅವನ ಸ್ವಂತ ಸಾಲವಾಯಿತು. ಬೇಡಿದಾಗ ಕೊಡುತ್ತೇನೆ ಅಂತ ಬರೆದ ಪ್ರಾಮಿಸರಿ ನೋಟಿನ ಮೇಲೆ ದಾವೆ ಹಾಕಲು ಮೂರು ವರ್ಷದ ಅವಧಿ. ನಡುವೆ ಅದರ ಬೆನ್ನ ಮೇಲೆ ‘ಇಷ್ಟು ಜಮಾ’ ಅಂತ ಬರೆದು ಸಹಿ ಮಾಡಿದರೆ ಆ ಮೂರು ವರ್ಷ ಮತ್ತೆ ಹೊಸದಾಗಿ ಶುರುವಾಗುತ್ತದೆ.

ಎರಡನೆಯ ಬಲೆ ಜಾಮೀನು. ‘ಸುಮ್ನೆ ಒಂದು ಸಹಿ’ ಅನ್ನುವುದೇ ಇಲ್ಲ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ, ಬ್ಯಾಂಕು ಮೊದಲು ಸಾಲಗಾರನ ಬೆನ್ನು ಹತ್ತಬೇಕು ಅಂತಲೂ ಇಲ್ಲ. ಸಂಘದ ಸಾಲಕ್ಕೆ ಹೆಂಡತಿಯದೂ ಸಹಿ ಇದ್ದರೆ, ಗಂಡ ಸತ್ತ ಮೇಲೆ ಆಕೆ ವಾರಸುದಾರಳಾಗಿ ಅಲ್ಲ, ಸಾಲಗಾರಳಾಗಿಯೇ ನಿಲ್ಲುತ್ತಾಳೆ.

ಜಪ್ತಿಗೆ ಬಂದರೂ ಎಲ್ಲವನ್ನೂ ಒಯ್ಯುವಂತಿಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಧರ್ಮದ ರೂಢಿಯ ಪ್ರಕಾರ ಹೆಣ್ಣುಮಕ್ಕಳು ತೆಗೆಯಬಾರದ ಆಭರಣ, ಅಂದರೆ ತಾಳಿ, ಇವು ಬಿಟ್ಟು. ರೈತನಾದರೆ ಜೀವನಕ್ಕೆ ಬೇಕಾದ ಎತ್ತು, ಉಳುಮೆಯ ಗಳೆ ಸಾಮಾನು, ಬಿತ್ತನೆ ಬೀಜ, ಅವನು ಇರುವ ಮನೆ ಕೂಡ ಬಿಟ್ಟು. ಮನೆಯನ್ನೇ ಅಡವಿಟ್ಟಿದ್ದರೆ ಮಾತು ಬೇರೆ. ಹಣದ ಡಿಕ್ರಿಗೆ, ಅಂದರೆ ಹಣ ಕೊಡಬೇಕು ಅಂತ ಕೋರ್ಟ್ ಮಾಡಿದ ತೀರ್ಪಿಗೆ, ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರನ್ನೂ, ಇದ್ದೂ ಕೊಡದವನನ್ನು ಮಾತ್ರ ಜೈಲಿಗೆ ಕಳಿಸಬಹುದು, ಇಲ್ಲದವನನ್ನು ಅಲ್ಲ. 1980ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಮೈಕ್ರೋಫೈನಾನ್ಸ್ ಕಾಟ ಹೆಚ್ಚಾದಾಗ ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಬೆದರಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

‘ದಿವಾಳಿ ತೆಗೆದ’ ಅನ್ನುವುದು ನಮ್ಮಲ್ಲಿ ಬೈಗುಳ. ಕಾನೂನಿನಲ್ಲಿ ಅದೊಂದು ಅರ್ಜಿ. ದೊಡ್ಡ ಕಂಪನಿಗಳಿಗೆ 2016ರ ಹೊಸ ಕಾಯ್ದೆ ಬಂತು, ಪೇಪರಿನಲ್ಲಿ ಓದಿರುತ್ತೀರಿ. ನಮ್ಮಂಥ ಸಾಮಾನ್ಯರ ಸಾಲಕ್ಕೆ ಆ ಭಾಗ ಜಾರಿಗೆ ಬಂದಿಲ್ಲ, ಬ್ರಿಟಿಷರ ಕಾಲದ 1920ರ ದಿವಾಳಿ ಕಾಯ್ದೆಯೇ ನಡೆಯುತ್ತಿದೆ. ಅದರಲ್ಲಿ 500 ರೂಪಾಯಿ ಸಾಲ ಇದ್ದರೂ ಸಾಲಗಾರ ಅರ್ಜಿ ಹಾಕಬಹುದು. ಈಗ 500ಕ್ಕೆ ಐದು ಲೀಟರ್ ಪೆಟ್ರೋಲ್ ಬರುವುದಿಲ್ಲ. ಕೋರ್ಟ್ ದಿವಾಳಿ ಅಂತ ಹೇಳಿದರೆ ಆಸ್ತಿ ಕೋರ್ಟಿನ ಅಧೀನಕ್ಕೆ ಅಥವಾ ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ, ಇದ್ದದ್ದನ್ನು ಸಾಲ ಕೊಟ್ಟವರಿಗೆಲ್ಲ ಹಂಚುತ್ತಾರೆ. ಆಮೇಲೆ ಬಿಡುಗಡೆ ಕೊಟ್ಟರೆ ಉಳಿದ ಸಾಲ ಹೋಗುತ್ತದೆ. ಸರ್ಕಾರದ ಬಾಕಿ, ಮೋಸದ ಸಾಲ ಹೋಗುವುದಿಲ್ಲ. ಅಡವಿನ ಸಾಲಕ್ಕೆ ಅಡವಿಟ್ಟ ವಸ್ತು ಉತ್ತರ ಹೇಳಲೇಬೇಕು. ಬಿಡುಗಡೆ ಆಗುವವರೆಗೆ ಶಾಸಕನೂ ಆಗುವಂತಿಲ್ಲ, ಸಂಸದನೂ ಆಗುವಂತಿಲ್ಲ. ನಿಮಗೆ ಅದು ದೊಡ್ಡ ನಷ್ಟ ಅಲ್ಲ ಅಂದುಕೊಳ್ಳುತ್ತೇನೆ.

ಕೆಲವು ಜಾಣರು ಮೊದಲು ಹೊಲವನ್ನು ಭಾವಮೈದುನನ ಹೆಸರಿಗೆ ಬರೆದು, ಆಮೇಲೆ ದಿವಾಳಿ ಅರ್ಜಿ ಹಾಕೋಣ ಅಂತ ಬರುತ್ತಾರೆ. ಅರ್ಜಿಗೆ ಮೊದಲಿನ ಎರಡು ವರ್ಷದಲ್ಲಿ ಸರಿಯಾದ ಬೆಲೆ ಪಡೆಯದೇ ಬರೆದುಕೊಟ್ಟದ್ದನ್ನು ಕೋರ್ಟ್ ರದ್ದು ಮಾಡಬಹುದು. ರದ್ದಾಗದಿದ್ದರೆ ಇನ್ನೂ ಕಷ್ಟ, ಭಾವಮೈದುನ ತಿರುಗಿ ಕೊಡುವುದಿಲ್ಲ.

ಕೊನೆಗೆ ಹೊಲ. ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇದ್ದರು, ಕೊಟ್ಟ ಮನೆಯಲ್ಲಿ ಇದ್ದಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. 1994ರಲ್ಲೇ ನಮ್ಮ ರಾಜ್ಯ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ ಬಂತು. ಆ ದಿನ ಅಪ್ಪ ಬದುಕಿರಬೇಕಿತ್ತಾ ಅನ್ನುವ ಜಗಳ 2020ರ ಆಗಸ್ಟ್ 11ರಂದು ಮುಗಿಯಿತು. ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಾಟ್ನಿಗೆ, ಅಂದರೆ ಆಸ್ತಿಯ ಪಾಲು ಹಂಚಿಕೆಗೆ, ಮಾತ್ರ ರಕ್ಷಣೆ ಇದೆ. ಅದೂ ಬಾಯಿಮಾತಿನಿಂದ ಸುಲಭಕ್ಕೆ ಸಾಬೀತಾಗುವುದಿಲ್ಲ. ತಲಾಠಿಗೆ, ಅಂದರೆ ಗ್ರಾಮ ಲೆಕ್ಕಿಗನಿಗೆ, ವರ್ದಿ ಕೊಟ್ಟು ಹೆಸರು ಹಚ್ಚಿಸಿದ ವಾಟ್ನಿಗಳು ನಮ್ಮ ಕಡೆ ಎಷ್ಟಿವೆ, ಹೇಳಿ? ಅವೆಲ್ಲ ಈಗ ಕೋರ್ಟಿನಲ್ಲಿ ನಿಂತಿವೆ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲಕಿ ಬಂದಂತಲ್ಲ, ಹೆಸರು ಇಲ್ಲದ ಮಾತ್ರಕ್ಕೆ ಹಕ್ಕು ಹೋದಂತೆಯೂ ಅಲ್ಲ.

ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರ ಈ ಜಗಳಗಳಿಗೆಲ್ಲ ಎಣ್ಣೆ ಹೊಯ್ಯಿತು. ಹೊಲ ಇರುವವರೆಗೆ ‘ಅಣ್ಣ ಉಣ್ಣಲಿ’ ಅಂದ ತಂಗಿಯರಿಗೆ, ಹೊಲ ಹಣವಾದ ದಿನ ಬೇರೆ ಅನಿಸಿತು. ನಾನು ಅವರನ್ನು ಬೈಯುವುದಿಲ್ಲ. ಹಣದ ಸುದ್ದಿ ಬಂದ ಮೇಲೆಯೇ ಅಣ್ಣಂದಿರೂ ಸ್ಟಾಂಪ್ ಪೇಪರ್ ಹಿಡಿದುಕೊಂಡು ತಂಗಿಯ ಮನೆಗೆ ಹೋಗಿದ್ದು. ಹಕ್ಕು ಬಿಟ್ಟ ಪತ್ರ ನೋಂದಣಿ ಆಗದಿದ್ದರೆ ಬೆಲೆಯಿಲ್ಲ. ಅಪ್ಪನ ಸ್ವಂತ ಗಳಿಕೆಯ ಆಸ್ತಿಯಲ್ಲಿ, ಅಪ್ಪ ಬದುಕಿರುವಾಗಲೇ ‘ಮುಂದೆ ಬರುವ ಪಾಲು ಬಿಟ್ಟೆ’ ಅಂತ ಬರೆಸಿಕೊಂಡರೂ ನಿಲ್ಲುವುದಿಲ್ಲ. ಇನ್ನೂ ಬಾರದ ಹಕ್ಕನ್ನು ಬಿಡುವುದು ಹೇಗೆ?

ಬ್ಯಾಂಕಿನ ನಾಮಿನಿ ಬಗ್ಗೆ ಇಬ್ಬರು ಚೀಟಿ ಕಳಿಸಿದ್ದಾರೆ. ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವನು. ಹಣ ಎಲ್ಲ ವಾರಸುದಾರರದು. ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ: ಮಗನ ಪಾಲಿನ ಅರ್ಧ ಮಗಳಿಗೆ, ಮತ್ತು ಮೃತ್ಯುಪತ್ರ ಬರೆದರೂ ಸಾಮಾನ್ಯವಾಗಿ ಮೂರನೆಯ ಒಂದು ಭಾಗಕ್ಕಿಂತ ಜಾಸ್ತಿ ಹೋಗುವಂತಿಲ್ಲ. ಮೃತ್ಯುಪತ್ರಕ್ಕೆ ಹಿಂದೂಗಳಲ್ಲಿ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಖರ್ಚಿಗೆ ಹೆದರಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಗಳಿಕೆ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿ.

ಏಳುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದರು, ‘ಮಗ ಹ್ವಾದ್ರ ಅವ್ವಗ ಏನರ ಬರ್ತೈತೇನ್ರಿ?’

ಬರುತ್ತದೆ ಅವ್ವಾರ. ಮಗ ಮೃತ್ಯುಪತ್ರ ಬರೆಯದೇ ತೀರಿಕೊಂಡರೆ ಹೆಂಡತಿಗೆ ಒಂದು ಪಾಲು, ಮಕ್ಕಳಿಗೆ ಒಂದೊಂದು, ತಾಯಿಗೂ ಒಂದು ಸರಿಸಮ ಪಾಲು. ಎಲ್ಲರೂ ಮೊದಲ ವರ್ಗದ ವಾರಸುದಾರರು.

ಪಕ್ಕದಲ್ಲಿದ್ದ ಅಜ್ಜ ತಕ್ಷಣ, ‘ಮತ್ತ ಅಪ್ಪಗ್ರಿ?’ ಅಂದರು.

ಅಪ್ಪ ಎರಡನೆಯ ವರ್ಗ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅಪ್ಪನಿಗೆ ಏನೂ ಬರುವುದಿಲ್ಲ. 1956ರಿಂದಲೂ ಹೀಗೇ ಇದೆ.

ಭವನದ ತುಂಬ ನಗು. ಅಜ್ಜ ಪಟಗಾ ಸರಿಮಾಡಿಕೊಂಡು ಅಜ್ಜಿಯ ಕಡೆ ನೋಡಿ ಹೇಳಿದರು, ‘ಇರ್ಲಿ ಬಿಡ್ರಿ. ಈಕಿ ನೀಡಿದ್ದನ್ನ ಉಣ್ಣೂದು ನನಗ ಮೊದಲಿಂದ ರೂಢಿ ಐತಿ.’